ಮುಟ್ಟಿದ ಫೈಲು, ಬೆಚ್ಚಿದ ನಾನು

ನಾನು ಪುಕ್ಕಲು ಮನುಷ್ಯ. ಮೊದಲೆಲ್ಲ ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು, ಈಗ ಆ ನಾಚಿಕೆಯನ್ನೂ ಬಿಟ್ಟಿದ್ದೇನೆ. ಧೈರ್ಯವಂತರನ್ನು ಊರೆಲ್ಲ ಹೊಗಳುತ್ತದೆ, ಹೊಗಳಲಿ. ಆದರೆ ಬಾಗಿಲಿಗೆ ಬೀಗ ಹಾಕಿ, ಜಗ್ಗಿ ನೋಡಿ, ಓಣಿಯ ತುದಿಯವರೆಗೆ ಹೋಗಿ, ಮತ್ತೆ ವಾಪಸು ಬಂದು ಇನ್ನೊಮ್ಮೆ ಜಗ್ಗುವ ನನ್ನಂಥವರಿಂದಲೇ ಈ ಲೋಕದಲ್ಲಿ ಒಂದಷ್ಟು ಸಾಮಾನು ಕಳವಾಗದೆ ಉಳಿದಿದೆ ಎಂದು ನನ್ನ ನಂಬಿಕೆ. ಹೊಸಪೇಟೆಯಲ್ಲಿ ಮನೆ ಇದ್ದಮೇಲೆ ಹಂಪಿ ತಪ್ಪಿದ್ದಲ್ಲ; ಬೀಗರು ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗಬೇಕು. ಒಂದರ ಮೇಲೊಂದು ಕೂತ ಆ ಬಂಡೆಗಳನ್ನು ನೋಡಿ ಅವರು ‘ಆಹಾ’ ಎನ್ನುತ್ತ ನಿಲ್ಲುತ್ತಾರೆ. ನಾನು ಮಾತ್ರ ಅವುಗಳ ಬುಡದಲ್ಲಿ ತಲೆ ತಗ್ಗಿಸಿಕೊಂಡು ಸರಸರ ದಾಟಿಬಿಡುತ್ತೇನೆ. “ಇಷ್ಟು ವರ್ಷ ಬೀಳದ ಬಂಡಿ ನಿಮ್ಮ ತಲಿ ನೋಡೇ ಬೀಳ್ತಾವೇನ್ರಿ?” ಎಂದು ನನ್ನ ಹೆಂಡತಿ ನಾಗವೇಣಿ ನೆಂಟರೆದುರೇ ಕೇಳುತ್ತಾಳೆ. ಇಷ್ಟು ವರ್ಷ ಬಿದ್ದಿಲ್ಲ ಅಂದರೆ ಬೀಳುವ ದಿನ ಹತ್ತಿರ ಬರುತ್ತಿದೆ ಎಂದೇ ಅರ್ಥವಲ್ಲವೇ? ಇದಕ್ಕೆ ಇದುವರೆಗೂ ಯಾರೂ ನನಗೆ ಸರಿಯಾದ ಉತ್ತರ ಕೊಟ್ಟಿಲ್ಲ.

ಇಂಥ ನನ್ನನ್ನು ವಿಧಿ ಒಯ್ದು ಕೂರಿಸಿದ್ದು ಸಂಡೂರಿನ ಗುಡ್ಡದ ಮೇಲಿನ ಒಂದು ಅದಿರಿನ ಗಣಿಯಲ್ಲಿ, ಅದೂ ಲಾರಿ ತೂಗುವ ವೇಬ್ರಿಜ್‌ನ ಗೂಡಿನಲ್ಲಿ. ತಗಡಿನ ಗೂಡು, ಒಂದು ಕಿಟಕಿ, ಒಂದು ಕುರ್ಚಿ. ಉಸಿರು ಒಳಗೆ ಎಳೆದುಕೊಂಡರೆ ಕೆಂಪು ಧೂಳು, ಹೊರಗೆ ಬಿಟ್ಟರೂ ಕೆಂಪು ಧೂಳು. ಧೂಳಿಗೆ ನಾನು ಹೆದರಲಿಲ್ಲ, ಅದು ನಿಧಾನವಾಗಿ ಕೊಲ್ಲುವಂಥದ್ದು. ನಾನು ಹೆದರಿದ್ದು ಅದಿರು ಹೊರುವ ದೈತ್ಯ ಲಾರಿಗೆ, ಡಂಪರಿಗೆ. ಎರಡಂತಸ್ತಿನ ಮನೆ ಹಿಂದುಹಿಂದಾಗಿ ನಡೆದು ಬರುವುದನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಒಂದು ಮಧ್ಯಾಹ್ನ ಅಂಥದ್ದೊಂದು ಹಿಂದೆ ಬಂತು, ಬಂತು, ಬರುತ್ತಲೇ ಇತ್ತು. ಕಿಟಕಿಯ ಬೆಳಕು ಪೂರ್ತಿ ಮುಚ್ಚಿತು. ನಾನು ಕುರ್ಚಿಯ ಮೇಲೆ ಕಾಲೆತ್ತಿಕೊಂಡು ಮನೆದೇವರನ್ನು ಕರೆಯುತ್ತಿದ್ದೆ. ಅದು ಗೂಡಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಡ್ರೈವರು ಇಳಿದು ಬಂದು, ಕಿಟಕಿಯಲ್ಲಿ ಮುಖ ಹಾಕಿ, “ಕಡ್ಡಿಪೆಟ್ಟಿಗಿ ಐತೇನ್ರಿ ಸರ?” ಎಂದು ಕೇಳಿದ. ಅಂದಿನಿಂದ ಬಹಳ ದಿನಗಳವರೆಗೆ ನಮ್ಮ ಓಣಿಯಲ್ಲಿ ನೀರಿನ ಟ್ಯಾಂಕರ್ ಹಿಂದೆ ಸರಿದರೂ ನನ್ನ ಕಾಲು ತಾನಾಗಿ ಮೇಲೇಳುತ್ತಿತ್ತು.

ಹೀಗಿರುವಾಗ ಗಣಿಗೆ ಕಂಪ್ಯೂಟರ್ ಬಂತು. ಆಗಿನ್ನೂ ಕಂಪ್ಯೂಟರ್ ಇದ್ದ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗುತ್ತಿದ್ದ ಕಾಲ. ತರಬೇತಿಗೆ ಯಾರು ಹೋಗುತ್ತೀರಿ ಎಂದು ಕೇಳಿದಾಗ, ಆ ಯಂತ್ರಕ್ಕೆ ಹೆದರಿ ಎಲ್ಲರೂ ಹಿಂದೆ ಸರಿದರು. ನನಗೂ ಹೆದರಿಕೆಯಿತ್ತು. ಆದರೆ ಅದಕ್ಕೆ ಚಕ್ರಗಳಿಲ್ಲ ಎಂದು ಯಾರೋ ಹೇಳಿದ್ದರಿಂದ ಕೈಯೆತ್ತಿದೆ. ತರಬೇತಿ ಮುಗಿಸಿ ಬಂದವನಿಗೆ ತಣ್ಣನೆಯ ಕೋಣೆ, ಗಾಜಿನ ಬಾಗಿಲು, ತಿರುಗುವ ಕುರ್ಚಿ. ಪಕ್ಕದ ಮೇಜಿನಲ್ಲಿ ಆಪರೇಟರ್ ಸರೋಜಮ್ಮ. ಕಂಪ್ಲಿ ಕಡೆಯವರು, ಹಣೆಯಲ್ಲಿ ದೊಡ್ಡ ಕುಂಕುಮ, ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಕೋಣೆ ತೆರೆದು ಯಂತ್ರ ಚಾಲೂ ಮಾಡುವವರು ಅವರೇ. ನನ್ನ ಕೆಲಸ ಲಾರಿಗಳ ತೂಕದ ಲೆಕ್ಕ ಇಡುವ ಪ್ರೋಗ್ರಾಮು ಬರೆಯುವುದು. ಲಾರಿಯ ಹೆಸರು ಪರದೆಯ ಮೇಲೆ ಕಂಡರೆ ಸಾಕು, ಲಾರಿ ಕಾಣಬೇಕಾಗಿಲ್ಲ. ಇದಕ್ಕಿಂತ ದೊಡ್ಡ ಸುಖ ನನ್ನ ಪಾಲಿಗೆ ಇರಲಿಲ್ಲ.

ಆ ಸುಖದ ಬುಡಕ್ಕೆ ಒಂದು ದಿನ ನಮ್ಮ ಮ್ಯಾನೇಜರ್ ಕೊಟ್ರೇಶಪ್ಪನವರು ಬೆಂಕಿ ಇಟ್ಟರು. “ಪಂಪಣ್ಣ, ಕುಂದ್ರು ಇಲ್ಲಿ,” ಎಂದರು. ಅವರು ಕುಂದ್ರು ಎಂದಾಗಲೆಲ್ಲ ಎದ್ದು ಓಡುವ ಸುದ್ದಿಯೇ ಇರುತ್ತದೆ. “ಹೆಡ್ ಆಫೀಸಿಂದ ದೊಡ್ಡ ಸಾಹೇಬ್ರು ಬರೋ ಶನಿವಾರ ಬರಾಕತ್ಯಾರ. ಈ ಕಂಪ್ಯೂಟರಿಂದ ಏನ್ ಉಪಯೋಗ ಅಂತ ಅವರ ಮುಂದ ತೋರಿಸ್ಬೇಕು. ಚಂದ ತೋರಿಸಿದ್ರ ರೂಮು ಉಳೀತೈತಿ. ಇಲ್ಲಂದ್ರ ಮಷಿನ್ ಅವರ ಊರಿಗೆ, ನೀ ನಿನ್ನ ವೇಬ್ರಿಜ್ಜಿಗೆ.” ಅವರು ಹೇಳಿದ್ದರಲ್ಲಿ ಕೊನೆಯ ಮಾತೊಂದೇ ನನ್ನ ಕಿವಿಗೆ ಬಿದ್ದಿದ್ದು. ಅಂದು ಮನೆಗೆ ಹೋಗಿ ಉಣ್ಣಲು ಕೂತರೆ ತಟ್ಟೆಯಲ್ಲಿ ಕಂಡದ್ದು ರೊಟ್ಟಿಯಲ್ಲ, ಡಂಪರಿನ ಗಾಲಿ.

ಪ್ರೋಗ್ರಾಮು ತಯಾರಿತ್ತು. ಕಷ್ಟ ಇದ್ದದ್ದು ಅದನ್ನು ಕಟ್ಟುವ ಕ್ರಮದಲ್ಲಿ. ಓದುಗರು ಹೆದರಬೇಡಿ, ಹೆದರುವುದಕ್ಕೆ ನಾನಿದ್ದೇನೆ. ವಿಷಯ ಇಷ್ಟೇ. ‘ತೂಕ ಹೆಚ್ಚಾಗಿದೆ’, ‘ಲಾರಿ ನಂಬರ್ ತಪ್ಪು’ ಎಂದೆಲ್ಲ ಪರದೆಯ ಮೇಲೆ ಬರುವ ಮಾತುಗಳನ್ನು ನಾವು ಒಂದು ಫೈಲಿನಲ್ಲಿ ಬರೆದಿಟ್ಟಿದ್ದೆವು. ಅದನ್ನು ತಾಯಿ ಫೈಲು ಅನ್ನೋಣ. ಯಂತ್ರ ಅದನ್ನು ಓದಿ, ತನಗೆ ತಿಳಿಯುವ ಹಾಗೆ ಇನ್ನೊಂದು ಫೈಲನ್ನು ತಾನೇ ಹುಟ್ಟಿಸುತ್ತಿತ್ತು. ಅದು ಮರಿ ಫೈಲು. ಉಳಿದ ಎಲ್ಲ ಪ್ರೋಗ್ರಾಮುಗಳೂ ಈ ಮರಿಯನ್ನು ನಂಬಿಕೊಂಡು ಬದುಕುತ್ತಿದ್ದವು. ಯಾವುದನ್ನು ಹೊಸದಾಗಿ ಕಟ್ಟಬೇಕು, ಯಾವುದನ್ನು ಬಿಡಬೇಕು ಎಂದು ನೋಡುವುದಕ್ಕೆ ‘ಮೇಕ್’ ಎಂಬ ಒಬ್ಬ ಮೇಸ್ತ್ರಿಯಿದ್ದ. ಏನು ಯಾವುದರಿಂದ ಆಗುತ್ತದೆ ಎಂದು ಬರೆದ ಮೇಕ್‌ಫೈಲೇ ಅವನ ಪಂಚಾಂಗ. ಅವನಿಗೆ ಗೊತ್ತಿದ್ದದ್ದು ಒಂದೇ ಲೆಕ್ಕ: ತಾಯಿಯನ್ನು ಮುಟ್ಟಿದ ಹೊತ್ತು ಮರಿ ಹುಟ್ಟಿದ ಹೊತ್ತಿಗಿಂತ ಈಚಿನದಾದರೆ ಮರಿಯನ್ನು ಹೊಸದಾಗಿ ಹುಟ್ಟಿಸು, ಮರಿ ಹೊಸದಾದರೆ ಅದನ್ನು ನಂಬಿದ್ದನ್ನೆಲ್ಲ ಮತ್ತೆ ಬುಡದಿಂದ ಕಟ್ಟು. ತಾಯಿಯಲ್ಲಿ ಒಂದಕ್ಷರವಾದರೂ ಬದಲಾಗಿದೆಯೇ ಎಂದು ತೆರೆದು ನೋಡುವ ಅಭ್ಯಾಸ ಅವನಿಗಿರಲಿಲ್ಲ.

ಮತ್ತೆ ಆ ತಾಯಿ ಫೈಲನ್ನು ಮುಟ್ಟುತ್ತಿದ್ದವರು ಯಾರು? ನಾನೇ. ತೆರೆಯುವುದು, ಎಲ್ಲ ಸರಿಯಿದೆಯೇ ನೋಡುವುದು, ಏನನ್ನೂ ಬದಲಿಸದಿದ್ದರೂ ಹೋಗುವಾಗ ಹೆದರಿಕೆಗೆ ಒಮ್ಮೆ ಸೇವ್ ಮಾಡುವುದು. ಬೀಗ ಜಗ್ಗುವ ಕೈ ಇದು, ಎಲ್ಲಿ ಸುಮ್ಮನಿರುತ್ತದೆ? ಸೇವ್ ಮಾಡಿದ ಕೂಡಲೇ ತಾಯಿಯ ಹೊತ್ತು ಹೊಸದಾಗುತ್ತಿತ್ತು. ಮೇಸ್ತ್ರಿ ಎದ್ದು ನಿಂತು ಇಡೀ ಮನೆ ಕೆಡವಿ ಕಟ್ಟಲು ಶುರುಮಾಡುತ್ತಿದ್ದ. ಅಂದಿನ ಯಂತ್ರದ ನಡಿಗೆಯಲ್ಲಿ ಅದು ಬೆಳಗ್ಗೆ ಹಿಡಿದರೆ ಊಟದ ಹೊತ್ತಿನ ಕೆಲಸ. ಆ ನಡುವೆ ಕರೆಂಟು ಹೋಗದೆ ಇರುತ್ತದೆಯೇ? ಡ್ಯಾಮಿನ ನೀರಿನಿಂದ ಕರೆಂಟು ಹುಟ್ಟಿಸುವ ಊರ ಪಕ್ಕದಲ್ಲೇ ಇದ್ದೇವೆಂಬ ಹೆಮ್ಮೆ ನಮಗೆ, ಕರೆಂಟಿಗೆ ಮಾತ್ರ ಆ ನಂಟು ನೆನಪಿರುತ್ತಿರಲಿಲ್ಲ. ಬ್ಯಾಟರಿ ಪೆಟ್ಟಿಗೆ ಮುದಿಯಾಗಿತ್ತು, ಒಂದು ಸಲ ‘ಕುಂಯ್’ ಎಂದು ಸುಮ್ಮನಾಗುತ್ತಿತ್ತು. ಅರ್ಧ ಕಟ್ಟಿದ್ದೆಲ್ಲ ಹಾಳು. ಯಂತ್ರದೊಳಗಿನ ಗಡಿಯಾರಕ್ಕೂ ಜೀವ ಇರಲಿಲ್ಲ; ಪ್ರತಿ ಸಲ ಚಾಲೂ ಮಾಡಿದಾಗ ಅದು ‘ಈಗ ಹೊತ್ತೆಷ್ಟು’ ಎಂದು ನಮ್ಮನ್ನೇ ಕೇಳುತ್ತಿತ್ತು, ನಾವು ಕೈಯಿಂದ ಹೊಡೆದು ಹೇಳಬೇಕಿತ್ತು. ಶನಿವಾರ ದೊಡ್ಡ ಸಾಹೇಬರು ಬಂದು ಕೂತಾಗ ಮೇಸ್ತ್ರಿಗೆ ಕಟ್ಟುವ ಹುಚ್ಚು ಹಿಡಿದರೆ ನನ್ನ ಗತಿಯೇನು? ನಿದ್ದೆಯಲ್ಲಿ ನಾನು “ಬ್ಯಾಡ, ಕಟ್ಟಬ್ಯಾಡ” ಎಂದು ಒದರಿದೆನಂತೆ. “ಯಾರ ಮನಿ ಕಟ್ಟಾಕತ್ಯಾರ, ನಿಮಗೇನು ಸಂಕಟ?” ಎಂದು ನಾಗವೇಣಿ ಬೆಳಗ್ಗೆ ಕೇಳಿದಳು.

ಈ ನಾಗವೇಣಿಯೂ ಒಬ್ಬ ಮೇಸ್ತ್ರಿಯೇ. ಬೆಳಗ್ಗೆ ನಳ ಬಂತೆಂದರೆ ಹಂಡೆ, ಕೊಡ, ಬಿಂದಿಗೆ ಎಲ್ಲ ಬೋರಲು. ನಿನ್ನೆಯ ನೀರು ತುಂಬಿ ತುಳುಕುತ್ತಿದ್ದರೂ ಸರಿ, ಚೆಲ್ಲಿ, ತಿಕ್ಕಿ ತೊಳೆದು, ಹೊಸದು ಹಿಡಿಯಬೇಕು. ಹೊಳೆಯ ದಂಡೆಯ ಊರು, ಕಾಲುವೆಯ ಊರು, ನೀರಿಗೇನು ಬರ? ಆದರೆ ಆ ದಿನ ಅವಳ ಸೊಂಟ ಹಿಡಿದಿತ್ತು. ಹಂಡೆ ಎತ್ತಲು ನನ್ನನ್ನು ಕರೆದರೆ ನಾನು ಅದನ್ನು ಕಾಲ ಮೇಲೆ ಕೆಡವಿಕೊಳ್ಳುವ ಭಯ, ಅವಳಿಗೂ ನನಗೂ. ಅವಳು ನಳದ ಬಾಯಿಗೆ ಒಂದು ಗಾಜಿನ ಲೋಟ ಹಿಡಿದಳು. ಇನ್ನೊಂದು ಲೋಟದಲ್ಲಿ ಹಂಡೆಯ ನೀರು ತೆಗೆದಳು. ಎರಡನ್ನೂ ಬೆಳಕಿಗೆ ಹಿಡಿದು ನೋಡಿದಳು. “ಎರಡೂ ಒಂದ ಅದಾವ. ಹಂಗ ಇರ್ಲಿ ಬಿಡ್ರಿ,” ಎಂದು ಹೊಸ ಲೋಟದ ನೀರನ್ನು ತುಳಸಿ ಕಟ್ಟೆಗೆ ಸುರಿದು ಹಂಡೆಯ ಮುಚ್ಚಳ ಮುಚ್ಚಿದಳು. ನಾನು ಹಲ್ಲುಜ್ಜುತ್ತಿದ್ದವನು ಹಾಗೇ ನಿಂತುಬಿಟ್ಟೆ. ಬಾಯಿತುಂಬ ನೊರೆ ಇಲ್ಲದಿದ್ದರೆ ಅವಳನ್ನು ಹೊಗಳಿಯೇಬಿಡುತ್ತಿದ್ದೆ, ಆ ಅಪಾಯ ತಪ್ಪಿತು.

ಅಂದೇ ಕಚೇರಿಗೆ ಹೋಗಿ ಮೇಕ್‌ಫೈಲಿನಲ್ಲಿ ಇದನ್ನೇ ಬರೆದೆ. ಮರಿಯನ್ನು ಹುಟ್ಟಿಸುವಾಗ ಹಳೆಯದರ ಮೇಲೆ ಬರೆಯಬೇಡ, ಬೇರೆ ಹೆಸರಿನಲ್ಲಿ ಪಕ್ಕಕ್ಕೆ ಹುಟ್ಟಿಸು. ಹಳೆಯದನ್ನೂ ಹೊಸದನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸು. ಬೇರೆಯಾಗಿದ್ದರೆ ಮಾತ್ರ ಹಳೆಯದರ ಜಾಗಕ್ಕೆ ಇಡು. ಒಂದೇ ಆಗಿದ್ದರೆ ಹೊಸದನ್ನು ಎಸೆದು, ಹಳೆಯದನ್ನು ಮುಟ್ಟದೆ ಬಿಡು. ಹಳೆಯ ಮರಿಯ ಹೊತ್ತು ಹಳೆಯದಾಗಿಯೇ ಇರುತ್ತದೆ, ಅದನ್ನು ನಂಬಿದವರ್ಯಾರಿಗೂ ಎಚ್ಚರವಾಗುವುದಿಲ್ಲ. ತಾಯಿ ಫೈಲನ್ನು ತೆರೆದು, ನೋಡಿ, ಮನಸಾರೆ ಸೇವ್ ಮಾಡಿ, ಮೇಕ್ ಎಂದು ಹೊಡೆದೆ. ಮೇಸ್ತ್ರಿ ಎದ್ದ, ಎರಡು ಲೋಟ ಬೆಳಕಿಗೆ ಹಿಡಿದ, ಮಲಗಿದ. ನನಗೆ ಕಣ್ಣಲ್ಲಿ ನೀರು ಬಂತು. “ಸರೋಜಮ್ಮಾರ, ನೋಡ್ರಿ ಇಲ್ಲಿ, ಯಂತ್ರ ಏನೂ ಮಾಡಾಕತ್ತಿಲ್ಲ!” ಎಂದು ಕೂಗಿದೆ. “ಅದಕ್ಯಾಕ ಇಷ್ಟು ಖುಷಿರಿ ಸರ? ನಮ್ಮ ಆಫೀಸಿನ್ಯಾಗ ಭಾಳ ಮಂದಿ ಹಂಗ ಅದಾರಲ್ಲ,” ಎಂದರು ಅವರು.

ಶನಿವಾರ ಬಂತು. ಸ್ಟಾಫ್ ಬಸ್ಸು ಒಂದಿಷ್ಟು ತಡವಾಗಿ ತಲುಪಿತು. ಸರೋಜಮ್ಮ ಗಣಿಯ ಕ್ವಾರ್ಟರ್ಸಿನಲ್ಲೇ ಇರುವವರಾದ್ದರಿಂದ ಆಗಲೇ ಯಂತ್ರ ಚಾಲೂ ಮಾಡಿ, ಹೊತ್ತು ತಿಳಿಸಿ, ಅದರ ಮುಂದೆ ಊದುಬತ್ತಿಯನ್ನೂ ಹಚ್ಚಿದ್ದರು. ನಾನು ಕುರ್ಚಿಯಲ್ಲಿ ಕೂತದ್ದೇ ತಡ, ಹೊಸ ಭಯ ಹುಟ್ಟಿತು. ಕಟ್ಟಬಾರದಾಗ ಕಟ್ಟುವುದಿಲ್ಲ, ಸರಿ. ಕಟ್ಟಬೇಕಾದಾಗ ಕಟ್ಟುತ್ತದೆಯೇ? ನಿಜವಾಗಿ ಮಾತು ಬದಲಿಸಿ ನೋಡಿದರೆ ತಾನೆ ಗೊತ್ತಾಗುವುದು? ‘ತೂಕ ಹೆಚ್ಚಾಗಿದೆ’ ಎಂಬರ್ಥದ ಇಂಗ್ಲಿಷ್ ಮಾತನ್ನು ಅಳಿಸಿ, ಆ ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ: ‘ಯಪ್ಪಾ ಬಂತು, ಓಡ್ರಿ!’ ಮೇಕ್ ಎಂದೆ. ಮಾತು ಬದಲಾಗಿದ್ದರಿಂದ ಮರಿ ಬದಲಾಯಿತು. ಆದರೆ ಆ ವಾರದಲ್ಲೇ ನಾನು ಆ ಮಾತುಗಳನ್ನು ತೋರಿಸುವ ಕೆಲಸವನ್ನು ಒಂದೇ ಪ್ರೋಗ್ರಾಮಿಗೆ ಬೇರೆ ಮಾಡಿಟ್ಟಿದ್ದೆ; ಕಟ್ಟಬೇಕಾದದ್ದು ಅದೊಂದೇ, ಕೆಲಸ ಬೇಗ ಮುಗಿಯಿತು. ನಡೆಸಿ ನೋಡಿದೆ. ಸುಳ್ಳು ತೂಕ ಕೊಟ್ಟ ಕೂಡಲೇ ಪರದೆ ಮಿಣುಕಿ, ಬೀಪ್ ಎಂದು, ‘ಯಪ್ಪಾ ಬಂತು, ಓಡ್ರಿ!’ ಎಂದಿತು. ಭೇಷ್! ಇನ್ನು ಹಳೆಯ ಮಾತನ್ನು ವಾಪಸು ಬರೆಯಬೇಕು ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿ ಪೆಟ್ಟಿಗೆ ಕುಂಯ್ ಎಂದಿತು.

ಆ ಕತ್ತಲಲ್ಲಿ ನಾನು ಕರೆದ ದೇವರುಗಳ ಹೆಸರು ಬರೆದರೆ ಈ ಪ್ರಬಂಧ ಮುಗಿಯುವುದಿಲ್ಲ. ಸರೋಜಮ್ಮ ಹೂವಿನ ಹಾರ ತರಲು ಹೋಗಿದ್ದರು. ಕರೆಂಟು ಬಂದ ಕೂಡಲೇ ನಾನೇ ಯಂತ್ರ ಚಾಲೂ ಮಾಡಿದೆ, ಹೊತ್ತೆಷ್ಟೆಂದು ಅದು ಕೇಳಿದ್ದಕ್ಕೆ ಕೈಗಡಿಯಾರ ನೋಡಿ ಒಂಬತ್ತೂ ಮುಕ್ಕಾಲು ಎಂದು ಹೊಡೆದೆ. ತಾಯಿ ಫೈಲಿನಲ್ಲಿ ‘ಯಪ್ಪಾ’ವನ್ನು ಅಳಿಸಿ ಇಂಗ್ಲಿಷ್ ಮಾತನ್ನು ತಿರುಗಿ ಬರೆದೆ, ಸೇವ್ ಮಾಡಿದೆ, ಮೇಕ್ ಎಂದೆ. ‘ಎಲ್ಲವೂ ಹೊಸದಾಗಿಯೇ ಇದೆ, ಮಾಡುವುದೇನೂ ಇಲ್ಲ’ ಎಂದು ಮೇಸ್ತ್ರಿ ಹೇಳಿದ. ಬುದ್ಧಿಯಿದ್ದವನು ಇಲ್ಲಿ ಅನುಮಾನಪಡುತ್ತಿದ್ದ. ಬದುಕಿಡೀ ಎಲ್ಲದಕ್ಕೂ ಅನುಮಾನಪಟ್ಟ ನಾನು ಅದೊಂದು ಸಲ ಮಾತ್ರ ಪಡಲಿಲ್ಲ. ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದಾಯಿತು, ನಡೆಸಿ ನೋಡಲು ಹೊತ್ತೂ ಉಳಿಯಲಿಲ್ಲ.

ದೊಡ್ಡ ಸಾಹೇಬರು ದೂರದ ರಾಜ್ಯದವರು, ಕನ್ನಡ ಬಾರದು. ಹಾರ ಹಾಕಿಸಿಕೊಂಡು ನನ್ನ ಕುರ್ಚಿಯಲ್ಲೇ ಕೂತರು. “ನಾನೇ ಒಂದು ಲಾರಿಯ ತೂಕ ಹಾಕಲೇ?” ಎಂದು ಇಂಗ್ಲಿಷಿನಲ್ಲಿ ಕೇಳಿ, ನಾಲ್ಕು ಲಾರಿಯೂ ಹೊರಲಾರದಷ್ಟು ಅದಿರನ್ನು ಒಂದೇ ಲಾರಿಗೆ ಹೇರಿದರು. ಪರದೆ ಮಿಣುಕಿತು. ಬೀಪ್. ‘ಯಪ್ಪಾ ಬಂತು, ಓಡ್ರಿ!’ ನನಗೆ ನಿಜಕ್ಕೂ ಓಡುವ ಮನಸ್ಸಾಯಿತು. ಸಾಹೇಬರು ಕನ್ನಡಕ ಸರಿಪಡಿಸಿಕೊಂಡು, “ಇದೇನು?” ಎಂದರು. ಕೊಟ್ರೇಶಪ್ಪನವರು ನನ್ನತ್ತ ಒಂದು ನೋಟ ಬೀರಿದರು. ಆ ನೋಟದಲ್ಲಿ ವೇಬ್ರಿಜ್ ಇತ್ತು. ಮರುಕ್ಷಣ ಸಾಹೇಬರತ್ತ ತಿರುಗಿ ಹಲ್ಲು ಬಿಟ್ಟು, “ಸರ್, ನಮ್ಮ ಡ್ರೈವರುಗಳಿಗೆ ಇಂಗ್ಲಿಷ್ ತಿಳಿಯುವುದಿಲ್ಲ. ಆದ್ದರಿಂದ ಎಚ್ಚರಿಕೆಯನ್ನು ಅವರ ಮಾತಿನಲ್ಲೇ ಇಟ್ಟಿದ್ದೇವೆ. ‘ತೂಕ ಮಿತಿ ಮೀರಿದೆ, ದಯವಿಟ್ಟು ಹೆಚ್ಚುವರಿ ಅದಿರನ್ನು ಇಳಿಸಿ ಸಹಕರಿಸಿ’ ಎಂದು ಇದರ ಅರ್ಥ,” ಎಂದರು. ಮೂರು ಪದಕ್ಕೆ ಇಷ್ಟು ಅರ್ಥ ಹಿಡಿಸುವ ಭಾಷೆಯನ್ನು ಕಂಡು ಸಾಹೇಬರು ಬೆರಗಾದರು. ನನ್ನ ಕೈ ಕುಲುಕಿದರು. ಕೈ ಮಂಜುಗಡ್ಡೆಯಾಗಿತ್ತು, ಅವರು ಕೋಣೆಯ ತಂಪೆಂದು ತಿಳಿದಿರಬೇಕು. ಹೋಗುವ ಮುನ್ನ ಅಪ್ಪಣೆ ಕೊಟ್ಟರು: ಕೋಣೆ ಇರಲಿ, ಆದರೆ ಇಂಥ ಎಚ್ಚರಿಕೆ ಗಾಜಿನ ಕೋಣೆಯಲ್ಲಿದ್ದರೆ ಡ್ರೈವರಿಗೆ ಕಾಣುವುದು ಹೇಗೆ? ವೇಬ್ರಿಜ್‌ನಲ್ಲೇ ಒಂದು ಕಂಪ್ಯೂಟರ್ ಇಡಿ, ಇದನ್ನು ಮಾಡಿದ ಮನುಷ್ಯನನ್ನೇ ಅಲ್ಲಿ ಕೂರಿಸಿ.

ಜೀಪು ಹೋದ ಮೇಲೆ ಕೊಟ್ರೇಶಪ್ಪನವರು ನನ್ನ ಬೆನ್ನಿಗೆ ಗುದ್ದಿದರು. “ಲೇ ಪಂಪಣ್ಣ, ರೂಮು ಉಳೀತಲೇ!”

“ನಾ ಉಳೀಲಿಲ್ಲಲ್ರಿ ಸರ,” ಎಂದೆ.

ಆಮೇಲೆ ಕೂತು ಹುಡುಕಿದೆ. ಫೈಲುಗಳ ಹೊತ್ತು ನೋಡಿದೆ. ತಾಯಿ ಫೈಲನ್ನು ಮುಟ್ಟಿದ್ದು ಹತ್ತು ಗಂಟೆಗೆ ಮೊದಲು. ಆದರೆ ಮರಿ ಹುಟ್ಟಿದ್ದು ಹತ್ತೂ ಮುಕ್ಕಾಲರ ಸುಮಾರಿಗೆ. ನನ್ನ ಕೈಗಡಿಯಾರದಲ್ಲಿ ಇನ್ನೂ ಹತ್ತೂಕಾಲು! ಇನ್ನೂ ಬಾರದ ಹೊತ್ತಿನಲ್ಲಿ ಹುಟ್ಟಿದ ಮರಿ. ಅದಕ್ಕಿಂತ ತಾಯಿ ಹಳೆಯದಾಗಿ ಕಂಡಿದ್ದಕ್ಕೇ ಮೇಸ್ತ್ರಿ ಏಳಲಿಲ್ಲ. ಭೂತಚೇಷ್ಟೆಯೇ ಸರಿ ಎಂದು ನಾನು ಕುರ್ಚಿಯಿಂದ ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಂತೆ. “ಸರೋಜಮ್ಮಾರ, ಮುಂಜಾನಿ ಮಷಿನ್ನಿಗೆ ಟೈಮ್ ಏನಂತ ಹೊಡದ್ರಿ?”

“ಹತ್ತು ಮೂವತ್ತೊಂದು.”

“ಆಗ ಒಂಬತ್ತು ಆಗಿತ್ತಲ್ರಿ!”

“ಶನಿವಾರ ಒಂಬತ್ತರಿಂದ ಹತ್ತೂವರಿತನಕ ರಾಹುಕಾಲ ಅಲ್ಲೇನ್ರಿ ಸರ? ಅಂಥ ಹೊತ್ತಿನ್ಯಾಗ ಮಷಿನ್ ಚಾಲೂ ಮಾಡಬಾರದು. ಹಂಗಂತ ಹತ್ತೂವರಿತನಕ ಸುಮ್ನ ಕುಂತ್ರ ಸಾಹೇಬ್ರು ಬೈತಾರ. ಅದಕ್ಕ ರಾಹುಕಾಲ ಮುಗದೈತಿ ಅಂತ ಮಷಿನ್ನಿಗೆ ಹೇಳಿಬಿಡ್ತೀನಿ. ಪಾಪ, ಅದು ನಂಬತೈತಿ.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೆದರುವವನಿಗೆ ಸಿಟ್ಟು ಬರುವುದೇ ಅಪರೂಪ, ಬಂದಾಗ ಪೂರ್ತಿ ಖರ್ಚು ಮಾಡಬೇಕು. ವಿಜ್ಞಾನ, ವಿವೇಕ, ಗ್ರಹಗಳ ದೂರ ಎಲ್ಲವನ್ನೂ ಎತ್ತಿ ಭಾಷಣ ಮಾಡಿದೆ. ಕಂಪ್ಯೂಟರಿನ ಗಡಿಯಾರ ನೋಡಿಕೊಂಡು ಬರಲು ರಾಹುವೇನು ನಮ್ಮ ಸ್ಟಾಫ್ ಬಸ್ಸಿನಲ್ಲಿ ಬರುತ್ತಾನೆಯೇ ಎಂದೆ. ಹೊತ್ತು ಸುಳ್ಳಾದರೆ ಮೇಕ್‌ಗೆ ಹುಚ್ಚು ಹಿಡಿಯುತ್ತದೆ, ಕಟ್ಟಬಾರದ್ದನ್ನು ಕಟ್ಟುತ್ತದೆ, ಕಟ್ಟಬೇಕಾದದ್ದನ್ನು ಬಿಡುತ್ತದೆ, ಓದಿದವರು ಇಷ್ಟು ಹೆದರಬಾರದು ಎಂದೆ. ಕೊನೆಯ ಮಾತು ಹೇಳುವಾಗ ನನಗೇ ಕೆಮ್ಮು ಬಂತು. ಸರೋಜಮ್ಮ ತಾಳ್ಮೆಯಿಂದ ಕೇಳಿ, “ಎಲ್ಲಾ ಖರೇರಿ ಸರ. ಆದ್ರ ಇವತ್ತು ರೂಮು ಹೋಗತೈತಿ ಅಂತಿದ್ರಿ. ಹೋತೇನು?” ಎಂದರು. ನಾನು ಯಂತ್ರದ ಮುಂದೆ ಬಿದ್ದಿದ್ದ ಊದುಬತ್ತಿಯ ಬೂದಿಯನ್ನು ಒರೆಸತೊಡಗಿದೆ.

ಕೆಲವು ವಾರಗಳಲ್ಲಿ ವೇಬ್ರಿಜ್‌ನ ಗೂಡಿಗೆ ಕಂಪ್ಯೂಟರ್ ಬಂತು, ಅದರ ಹಿಂದೆ ನಾನೂ ಬಂದೆ. ಗೂಡಿಗೆ ಬಣ್ಣ ಹೊಡೆದಿದ್ದರು, ಕಿಟಕಿಗೆ ಗಾಜು ಕೂರಿಸಿದ್ದರು. ಗಾಜು ಹಾಕಿದ್ದರಿಂದ ಡಂಪರು ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು. ಕೆಲಸ ಶುರುವಾದದ್ದು ಒಂದು ಶನಿವಾರ, ಬೆಳಗ್ಗೆ ಒಂಬತ್ತಕ್ಕೆ. ಒಬ್ಬನೇ ಕೂತು ಯಂತ್ರ ಚಾಲೂ ಮಾಡಿದೆ. ಈಗ ಹೊತ್ತೆಷ್ಟು ಎಂದು ಅದು ಕೇಳಿತು. ಕೈಗಡಿಯಾರ ಎದುರಿಗೇ ಇತ್ತು. ಅಷ್ಟರಲ್ಲಿ ಹೊರಗೆ ಗುಡುಗಿದಂತಾಯಿತು. ತಲೆಯೆತ್ತಿದರೆ ಅದಿರು ತುಂಬಿದ ಡಂಪರೊಂದು ಹಿಂದುಹಿಂದಾಗಿ ಬರುತ್ತಿತ್ತು. ಬಂತು, ಬಂತು, ಕಿಟಕಿ ಕತ್ತಲಾಯಿತು, ಮೇಜಿನ ಮೇಲಿನ ಲೋಟ ಕುಣಿಯತೊಡಗಿತು. ಕಾಲು ಕುರ್ಚಿಯ ಮೇಲಿತ್ತು, ವಿಜ್ಞಾನ ಎಲ್ಲಿತ್ತೋ ತಿಳಿಯದು. ನನ್ನ ಬೆರಳುಗಳು ಯಾರನ್ನೂ ಕೇಳದೆ ಹತ್ತು ಮೂವತ್ತೊಂದು ಎಂದು ಹೊಡೆದುಬಿಟ್ಟವು. ಇನ್ನು ಫೈಲುಗಳ ಹೊತ್ತೆಲ್ಲ ಏರುಪೇರಾಗುತ್ತದೆ, ಮೇಸ್ತ್ರಿ ಬೇಡದ್ದನ್ನೆಲ್ಲ ಕೆಡವಿ ಕಟ್ಟುತ್ತಾನೆ, ನನಗೆ ಚೆನ್ನಾಗಿ ಗೊತ್ತಿತ್ತು. ಕಟ್ಟಲಿ ಬಿಡಿ. ಫೈಲು ಕೆಟ್ಟರೆ ಬುಡದಿಂದ ಮತ್ತೆ ಕಟ್ಟಬಹುದು. ಈ ಪಂಪಣ್ಣನನ್ನು ಮತ್ತೆ ಕಟ್ಟುವ ಮೇಕ್‌ಫೈಲನ್ನು ಇದುವರೆಗೆ ಯಾರೂ ಬರೆದಿಲ್ಲ.